ನೂರು ದಾಟಿದರೆ ನಡುಕ

ನಮ್ಮ ಭಾವನ ಕಾಯಿಲೆಯ ವಿಚಾರವಾಗಿ ಊರಿನಲ್ಲಿ ಏಳೆಂಟು ಬಗೆಯ ಕಥೆಗಳು ಓಡಾಡುತ್ತಿವೆ. ಅವುಗಳಲ್ಲಿ ಒಂದರಲ್ಲಿ ಭಾವ ಸತ್ತೇ ಹೋಗಿದ್ದಾರೆ. ಅವರು ದಿನಾ ಬೆಳಿಗ್ಗೆ ಚೀಲ ಹಿಡಿದು ಹಾಲು ತರಲು ಅದೇ ಬೀದಿಯಲ್ಲಿ ಹೋಗುವುದು ಆ ಕಥೆ ಹೇಳುವವರಿಗೆ ಅಡ್ಡಿಯೇನೂ ಆದಂತಿಲ್ಲ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಗುಮಾಸ್ತ. ಅಳತೆ ತಪ್ಪಿದ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ, ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಮಾಡದೆ ಬರೆದಿಡುತ್ತಿದ್ದೇನೆ. ಆಮೇಲೆ ಯಾರೂ ನನ್ನ ಹತ್ತಿರ ಬಂದು ‘ಹೌದಂತಲ್ಲ’ ಎಂದು ಕೇಳಕೂಡದು.

ಭಾವ ಎಂದರೆ ನನ್ನ ಅಕ್ಕನ ಗಂಡ. ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಮನೆಯ ಮುಂದಿನ ಕೋಣೆಯೇ ಸ್ಕೂಲು. ಅಲ್ಲಿ ಒಂದು ಮೇಜು, ರಸ್ತೆ ಚಿಹ್ನೆಗಳ ಒಂದು ಪಟ, ಮರದ ಕಂಬಕ್ಕೆ ಸಿಕ್ಕಿಸಿದ ಹಳೆಯ ಸ್ಟಿಯರಿಂಗ್ ಚಕ್ರ ಇವೆ. ಬಾಗಿಲ ಮೇಲೆ ‘ಸಾವಧಾನ ಡ್ರೈವಿಂಗ್ ಸ್ಕೂಲ್’ ಎಂಬ ಬೋರ್ಡು. ಅಕ್ಕ ಮದುವೆಯಾದ ಹೊಸತರಲ್ಲಿ ಹದಿನೈದು ದಿನ ಕೂತು ಕೈಯಾರೆ ಬರೆದದ್ದು. ಆ ಬೋರ್ಡಿನ ಮೇಲೆ ಧೂಳು ಕೂತರೆ ಅಕ್ಕನಿಗೆ ಊಟ ಸೇರುವುದಿಲ್ಲ.

ಮೂವತ್ತು ವರ್ಷದಿಂದ ಭಾವ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಕಾಲಡಿಗೆ ತಮ್ಮದೇ ಇನ್ನೊಂದು ಬ್ರೇಕ್ ಇಟ್ಟುಕೊಂಡು, ಅರ್ಧ ಊರಿಗೆ ಕಾರು ಕಲಿಸಿದ್ದಾರೆ. ಈ ಮೂವತ್ತು ವರ್ಷದಲ್ಲಿ ಆ ಕಾರಿನ ವೇಗದ ಮುಳ್ಳು ನಲವತ್ತು ದಾಟಿಲ್ಲ. ಯಾಕೆಂದು ಕೇಳಿದರೆ ಭಾವ ಕನ್ನಡಕ ಸರಿಮಾಡಿಕೊಂಡು ‘ಶಿಸ್ತು’ ಎನ್ನುತ್ತಾರೆ. ಹೀಗಾಗಿ ಊರಿನವರ ಬಾಯಲ್ಲಿ ಅವರು ನಲವತ್ತು ಮೇಷ್ಟ್ರು. ಹೊಸದಾಗಿ ಕೇಳಿದವರು ಅದು ವಯಸ್ಸು ಎಂದುಕೊಂಡು, ಆಮೇಲೆ ಅವರ ತಲೆ ನೋಡಿ ಗಲಿಬಿಲಿಗೊಳ್ಳುತ್ತಾರೆ.

ಗ್ರಹಚಾರ ಶುರುವಾದದ್ದು ಗುರುವಾರ. ಬೀದಿಯ ಕೊನೆಯ ಗ್ಯಾರೇಜಿನಲ್ಲಿ. ಗ್ಯಾರೇಜಿನ ಯಜಮಾನನನ್ನು ಎಲ್ಲರೂ ಸ್ಪ್ಯಾನರ್ ಎನ್ನುತ್ತಾರೆ. ಕಿವಿ ತುರಿಸಿಕೊಳ್ಳುವುದಕ್ಕೂ ಅವನು ಅದನ್ನೇ ಬಳಸುತ್ತಾನೆ. ನನ್ನ ಸ್ಕೂಟರಿಗೆ ಪಂಕ್ಚರ್ ಹಾಕಿಸಲು ನಾನೂ, ಸ್ಕೂಲಿನ ಕಾರಿಗೆ ಗಾಳಿ ಹಿಡಿಸಲು ಭಾವನೂ ಹೋಗಿದ್ದೆವು. ಅಲ್ಲಿ ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡ ಹಾಗೆ ಒಂದು ಹಳದಿ ಸ್ಪೋರ್ಟ್ಸ್ ಕಾರು ನಿಂತಿತ್ತು. ಎರಡೇ ಸೀಟು. ಪಕ್ಕದಲ್ಲಿ ಅದರ ಒಡೆಯ, ನಮ್ಮ ಹಲ್ಲಿನ ಡಾಕ್ಟರು, ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅವರೂ ಭಾವನ ಹಳೆಯ ಶಿಷ್ಯರೇ.

“ಏನಾಯ್ತು ಡಾಕ್ಟ್ರೇ?” ಎಂದರು ಭಾವ.

“ಏನು ಹೇಳಲಿ ಮೇಷ್ಟ್ರೇ. ತೊಂಬತ್ತರ ತನಕ ಬೆಣ್ಣೆ ಹಾಗೆ ಹೋಗುತ್ತೆ. ಹೈವೇಲಿ ನೂರು ದಾಟಿಸಿ ನೋಡಿ, ನಡುಕ ಶುರು. ಹಿಂದುಗಡೆ ತೇಲಿದ ಹಾಗಾಗುತ್ತೆ. ಸ್ವಲ್ಪ ಪಕ್ಕಕ್ಕೆ ತಗೊಂಡ್ರೆ ಬಾಲ ಆಡಿಸುತ್ತೆ. ಜೀವ ಬಾಯಿಗೆ ಬರುತ್ತೆ.”

ಸ್ಪ್ಯಾನರ್ ಕಾರಿನಡಿಯಿಂದ ತೆವಳಿಕೊಂಡು ಹೊರಬಂದ. “ಚಕ್ರ ಬ್ಯಾಲೆನ್ಸ್ ಮಾಡ್ಸಿದ್ದೀನಿ. ಅಲೈನ್‌ಮೆಂಟ್ ಮೂರು ಸಲ ನೋಡಿದ್ದೀನಿ. ಗಾಳಿ ಸರಿ ಇದೆ, ಬುಷ್ ಸರಿ ಇದೆ. ಕೆಳಗಡೆ ಪೂರ್ತಿ ಬಿಚ್ಚಿ ಹಾಕಿದ್ದೀನಿ. ಏನೂ ಇಲ್ಲ. ಈ ಗಾಡಿಗೆ ಕಾಯಿಲೆ ಇಲ್ಲ, ಕೊಬ್ಬು.”

ಇಷ್ಟಕ್ಕೆ ಭಾವ ಸುಮ್ಮನಿದ್ದಿದ್ದರೆ ನನಗೆ ಈ ಕಥೆ ಬರೆಯುವ ಕಷ್ಟ ಇರುತ್ತಿರಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡರು. ನನಗೆ ಎದೆ ಧಸಕ್ಕೆಂದಿತು.

“ನಿಮಗೆಲ್ಲ ಗಾಡಿ ನೋಡೋಕೆ ಗೊತ್ತು, ಕೇಳೋಕೆ ಗೊತ್ತಿಲ್ಲ. ನಾನು ಮೂವತ್ತು ವರ್ಷ ಸೀಟಿನ ಮೇಲೆ ಕೂತು ಬಂದವನಯ್ಯಾ. ಸೀಟೇ ಹೇಳುತ್ತೆ ಕಾಯಿಲೆ ಏನು ಅಂತ.”

“ನಲವತ್ತರಲ್ಲಿ ಸೀಟು ಏನು ಹೇಳುತ್ತೆ ಮೇಷ್ಟ್ರೇ? ನಿದ್ದೆ ಬರ್ತಿದೆ ಅಂತ ಹೇಳುತ್ತೆ,” ಎಂದ ಸ್ಪ್ಯಾನರ್. ಗ್ಯಾರೇಜಿನಲ್ಲಿದ್ದ ಆರು ಜನ ನಕ್ಕರು. ಆ ಆರರಲ್ಲಿ ನಾನೂ ಒಬ್ಬ ಎಂಬುದನ್ನು ಮುಚ್ಚಿಡುವುದಿಲ್ಲ.

ಭಾವನ ಮುಖ ಕೆಂಪಾಯಿತು. “ಭಾನುವಾರದ ಒಳಗೆ ಈ ಗಾಡಿ ಕಾಯಿಲೆ ಏನು ಅಂತ ನಾನು ಹೇಳ್ತೀನಿ. ಹೇಳದಿದ್ರೆ ನಿಮ್ಮೆಲ್ಲರ ಮುಂದೆ ನನ್ನ ಸ್ಕೂಲಿನ ಬೋರ್ಡ್ ಇಳಿಸ್ತೀನಿ!”

ಆಡಿದ ಮೇಲೆ ಅವರು ಮಾತು ಹಿಂತೆಗೆದುಕೊಳ್ಳಲು ಬಾಯಿ ತೆರೆದರು. ಆದರೆ ಡಾಕ್ಟರು ಆಗಲೇ ಕಾರಿನ ಕೀಲಿಯನ್ನು ಅವರ ಅಂಗೈಯಲ್ಲಿಟ್ಟು, “ಭಾನುವಾರದ ತನಕ ನಿಮ್ಮದೇ ಸಾರ್,” ಎಂದಾಗಿತ್ತು.

ದಾರಿಯಲ್ಲಿ ಭಾವ ನನ್ನ ತೋಳು ಹಿಡಿದುಕೊಂಡರು. “ಭಾಮೈದಾ, ನಿಮ್ಮಕ್ಕನಿಗೆ ಒಂದಕ್ಷರ ಹೇಳಬೇಡ. ಅವಳು ಬರೆದ ಬೋರ್ಡು ಕಣಯ್ಯಾ ಅದು.”

“ಹಾಗಿದ್ರೆ ಯಾಕೆ ಭಾವ ಬಾಯಿ ಬಿಟ್ರಿ?”

“ನೀನೂ ನಕ್ಕೆಯಲ್ಲ,” ಎಂದರು.

ಅಂದೇ ಸಂಜೆ ಅವರು ಕಾರನ್ನು ಹೈವೇಗೆ ಒಯ್ದರು. ನಾನು ಪಕ್ಕದಲ್ಲಿದ್ದೆ. ಹೈವೇಯಲ್ಲಿ ನಲವತ್ತರಲ್ಲಿ ಹೋಗುವ ಸ್ಪೋರ್ಟ್ಸ್ ಕಾರನ್ನು ನೀವು ನೋಡಿರಲಾರಿರಿ. ಹಿಂದಿನ ಲಾರಿಯವನು ಹಾರನ್ ಒತ್ತಿ ಒತ್ತಿ ಸುಸ್ತಾಗಿ, ಮುಂದೆ ಬಂದು ಇಳಿದು, ತಳ್ಳಬೇಕೇ ಎಂದು ಮರ್ಯಾದೆಯಿಂದ ಕೇಳಿದ. ಇಟ್ಟಿಗೆ ಹೇರಿದ ಒಂದು ಟ್ರ್ಯಾಕ್ಟರು ನಮ್ಮನ್ನು ದಾಟಿಹೋಯಿತು. ಭಾವ ಹಣೆಯ ಬೆವರು ಒರೆಸಿಕೊಂಡು ಕಾಲನ್ನು ಸ್ವಲ್ಪ ಒತ್ತಿದರು. ನಲವತ್ತೆರಡು. ಕೂಡಲೇ ಕಾಲು ತಾನಾಗಿಯೇ ಮೇಲಕ್ಕೆ ಬಂತು. ಆ ವೇಗದಲ್ಲಿ ಕಾರು ಆರೋಗ್ಯಭಾಗ್ಯದಿಂದ ತುಂಬಿತುಳುಕುತ್ತಿತ್ತು.

“ಏನಾದ್ರೂ ಹೇಳ್ತಾ ಸೀಟು?” ಎಂದೆ.

“ಸುಮ್ಮನಿರಯ್ಯಾ,” ಎಂದರು ಭಾವ.

ಶುಕ್ರವಾರ ಬೆಳಿಗ್ಗೆ ನಾನು ಇಲಾಖೆಯ ಕೆಲಸದ ಮೇಲೆ ಪಕ್ಕದ ಊರಿಗೆ ತಕ್ಕಡಿಗಳಿಗೆ ಮುದ್ರೆ ಒತ್ತಿಸಲು ಹೋದೆ. ಶನಿವಾರ ಮಧ್ಯಾಹ್ನ ವಾಪಸ್ಸು ಬಂದೆ. ನಡುವೆ ನಡೆದದ್ದನ್ನು ಆಮೇಲೆ ಎಲ್ಲರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿ, ತಾಳೆ ನೋಡಿಯೇ ಬರೆಯುತ್ತಿದ್ದೇನೆ.

ಶುಕ್ರವಾರ ಹತ್ತು ಗಂಟೆಗೆ ಭಾವ ಅಕ್ಕನಿಗೆ ಕೇಳಿಸಬಾರದೆಂದು ತಾರಸಿ ಹತ್ತಿ, ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು, ತಮ್ಮ ಹಳೆಯ ಗೆಳೆಯರೊಬ್ಬರಿಗೆ ಫೋನ್ ಮಾಡಿದರು. ಗೆಳೆಯರು ಜೀವಮಾನವಿಡೀ ದೂರದೂರಿನ ಬಸ್ಸು ಓಡಿಸಿದವರು. ವೇಗದ ವಿಚಾರ ಅವರಿಗೆ ಗೊತ್ತಿತ್ತು. ಆದರೆ ಕಿವಿ ಮಂದ. ಆದ್ದರಿಂದ ಗುಟ್ಟನ್ನು ಕೂಗಿ ಹೇಳಬೇಕಾಯಿತು.

ಎದುರುಮನೆಯ ತಾರಸಿಯಲ್ಲಿ ಲೈಬ್ರರಿಯಮ್ಮ ಬಟ್ಟೆ ಒಣಹಾಕುತ್ತಿದ್ದರು. ಗ್ರಂಥಾಲಯದಲ್ಲಿ ದುಡಿದು ನಿವೃತ್ತಿಯಾದವರು. ಅಲ್ಲಿ ಮೂಲೆಯ ಬೆಂಚಿನ ಪಿಸುಮಾತನ್ನು ಬಾಗಿಲಲ್ಲೇ ಕೂತು ಹಿಡಿಯುತ್ತಿದ್ದ ಕಿವಿ ಅದು. ಕೂಗು ಕೇಳಿಸದೆ ಇದ್ದೀತೆ?

“ನೂರು ದಾಟಿದ್ರೆ ನಡುಕ ಕಣೋ! ನಡುಕ!... ತೊಂಬತ್ತೆಂಟು, ತೊಂಬತ್ತೊಂಬತ್ತರ ತನಕ ಏನೂ ತೊಂದರೆ ಇಲ್ಲ!... ಹೂಂ, ಹಿಂದುಗಡೆ ಹಗುರ ಆಗಿ ತೇಲಿದ ಹಾಗಾಗುತ್ತೆ!... ಕೆಳಗಡೆ ಪೂರ್ತಿ ಬಿಚ್ಚಿ ನೋಡಿದ್ದಾರೆ, ಏನೂ ಸಿಕ್ಕಿಲ್ಲ!... ಡಾಕ್ಟ್ರು ಭಾನುವಾರದ ತನಕ ಕೊಟ್ಟಿದ್ದಾರೆ. ಭಾನುವಾರ ಮುಗೀತು ಅಂದ್ರೆ ಮುಗೀತು!... ಇಲ್ಲ, ಮನೆಯವಳಿಗೆ ಹೇಳಿಲ್ಲ. ಯಾವ ಬಾಯಲ್ಲಿ ಹೇಳಲಿ?”

ನಮ್ಮ ಭಾಷೆಯ ಸೌಕರ್ಯ ನೋಡಿ. ಯಾರಿಗೆ, ಯಾವುದಕ್ಕೆ ಎಂದು ಹೇಳದೆಯೇ ಗಂಟೆಗಟ್ಟಲೆ ಮಾತಾಡಬಹುದು. ಅಷ್ಟು ಹೊತ್ತು ಕಿರುಚಿದರೂ ಭಾವ ‘ಕಾರು’ ಎಂಬ ಎರಡಕ್ಷರವನ್ನು ಒಮ್ಮೆಯೂ ಬಾಯಿಂದ ಹೊರಗೆ ಬಿಡಲಿಲ್ಲ. ಲೈಬ್ರರಿಯಮ್ಮನ ಕೈಯಲ್ಲಿದ್ದ ಒದ್ದೆ ಟವೆಲ್ ಕೆಳಗೆ ಬೀದಿಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಇಳಿದವರು ಸೀದಾ ಅಕ್ಕನ ಅಡುಗೆಮನೆಗೆ ಹೋದರು.

ಹೋದ ಮೇಲೆ ಅಲ್ಲಿ ನಡೆದ ಅಳುವನ್ನು ನಾನು ಬರೆಯುವುದಿಲ್ಲ. ಅಕ್ಕ ಕಣ್ಣೊರೆಸಿಕೊಂಡು, ಮುಖ ತೊಳೆದು, ಭಾವನ ಮುಂದೆ ಬಂದು ನಿಂತಳು.

“ನನಗೆ ಎಲ್ಲ ಗೊತ್ತಾಯ್ತು ರೀ.”

ಭಾವ ಕುರ್ಚಿಯಲ್ಲೇ ಕುಸಿದರು. “ಗೊತ್ತಾಯ್ತಾ? ಒಂದಲ್ಲ ಒಂದು ದಿನ ಗೊತ್ತಾಗೋದೇ ಬಿಡು.”

“ನನಗೆ ಯಾಕೆ ಹೇಳಲಿಲ್ಲ?”

“ಧೈರ್ಯ ಬರಲಿಲ್ಲ ಕಣೇ. ಎಲ್ಲ ನಾನೇ ಮೈಮೇಲೆ ಎಳ್ಕೊಂಡಿದ್ದು.”

“ಬೇರೆ ದಾರಿನೇ ಇಲ್ವಾ?”

“ಕಾಯಿಲೆ ಏನು ಅಂತ ಸಿಕ್ಕಿದ್ರೆ ಉಳಿಯುತ್ತೆ. ಸಿಗದಿದ್ರೆ ಭಾನುವಾರ ನಾಲ್ಕು ಜನರ ಮುಂದೆ ಇಳಿಸೋದು, ಅಷ್ಟೇ.”

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹೆಂಡತಿಯ ದುಃಖ ನೋಡಲಾರದೆ ಭಾವ ಸಮಾಧಾನದ ಮಾತು ಹುಡುಕಿದರು. ಅವರಿಗೆ ಸಿಕ್ಕ ಮಾತು ಇದು: “ಅಳಬೇಡ್ವೇ. ಹೋದ್ರೆ ಹೋಗಲಿ. ಹೇಗೂ ಹಳೇದಾಗಿತ್ತು, ಬಣ್ಣವೂ ಹೋಗಿತ್ತು. ಆಮೇಲೆ ನೀನು ಇನ್ನೊಂದು ಮಾಡ್ಕೊಂಡ್ರಾಯ್ತು. ಇದಕ್ಕಿಂತ ಚೆನ್ನಾಗಿರೋದೇ ಆಗುತ್ತೆ.”

ಇನ್ನೊಂದು ಬೋರ್ಡು ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಇನ್ನೊಂದು ಮದುವೆ ಎಂಬುದು ಅಕ್ಕನ ಕಿವಿಗೆ ಬಿದ್ದದ್ದು. ಅಕ್ಕ ಸೀದಾ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಬೋರ್ಡಿನ ಮೇಲೆ ಇವಳಿಗೆ ಇಷ್ಟೊಂದು ಪ್ರಾಣವೇ ಎಂದು ಭಾವನಿಗೆ ಕಣ್ಣು ತುಂಬಿಬಂತು.

ಶನಿವಾರ ಮಧ್ಯಾಹ್ನ ನಾನು ಬಸ್ಸಿಳಿದು ಬಂದರೆ ಮನೆಯ ಮುಂದೆ ಚಪ್ಪಲಿಗಳ ರಾಶಿ. ಲೈಬ್ರರಿಯಮ್ಮನ ಬಾಯಿಂದ ಸುದ್ದಿ ಊರೆಲ್ಲ ಹರಡಿತ್ತು. ಒಳಗೆ ಸ್ಕೂಲಿನ ಕೋಣೆಯಲ್ಲಿ ಭಾವನನ್ನು ಕತ್ತಿನ ತನಕ ಕಂಬಳಿ ಹೊದೆಸಿ ಮಲಗಿಸಿದ್ದರು. ಬಾಯಲ್ಲಿ ಥರ್ಮಾಮೀಟರು. ಲೈಬ್ರರಿಯಮ್ಮ ಅರ್ಧ ಗಂಟೆಗೊಮ್ಮೆ ಅದನ್ನು ತೆಗೆದು, ಬೆಳಕಿಗೆ ಹಿಡಿದು, “ತೊಂಬತ್ತೆಂಟು. ಇನ್ನೂ ನೂರು ದಾಟಿಲ್ಲ,” ಎಂದು ಎಲ್ಲರಿಗೂ ಸಾರಿ ಮತ್ತೆ ಬಾಯಿಗೆ ಸಿಕ್ಕಿಸುತ್ತಿದ್ದರು. ಭಾವ ಏನಾದರೂ ಹೇಳಬೇಕೆಂದರೆ ಆ ಅರೆನಿಮಿಷದಲ್ಲೇ ಹೇಳಬೇಕಿತ್ತು. ನಿನ್ನೆಯಿಂದ ಬರೀ ಗಂಜಿ ಕುಡಿದು ಅವರಿಗೆ ಸ್ವರವೇ ಏಳುತ್ತಿರಲಿಲ್ಲ.

ಲೈಸೆನ್ಸ್ ಕಚೇರಿಯ ಇನ್‌ಸ್ಪೆಕ್ಟರು ಕಿತ್ತಳೆಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. “ಎಂಥಾ ಮನುಷ್ಯ ಆಗಿದ್ರು,” ಎಂದರು, ಮಲಗಿದ್ದವರ ಎದುರಿಗೇ. “ಇವರ ಸ್ಕೂಲಿಂದ ಬಂದವರನ್ನ ನಾನು ಕಣ್ಣು ಮುಚ್ಚಿ ಪಾಸ್ ಮಾಡ್ತಿದ್ದೆ. ಆ ವೇಗದಲ್ಲಿ ಗುದ್ದಿದ್ರೂ ಯಾರಿಗೂ ಏನೂ ಆಗ್ತಿರಲಿಲ್ಲ.”

ಭಾವ ಥರ್ಮಾಮೀಟರಿನ ಸಂದಿಯಿಂದ “ಊಂ ಊಂ” ಎಂದರು.

“ಮಾತಾಡಬೇಡಿ ಮೇಷ್ಟ್ರೇ, ಆಯಾಸ ಆಗುತ್ತೆ,” ಎಂದರು ಇನ್‌ಸ್ಪೆಕ್ಟರು.

ಮೂಲೆಯಲ್ಲಿ ಬೇಕರಿಯವನು ಬಿಕ್ಕುತ್ತಿದ್ದ. ಏಳು ಸಲ ಟೆಸ್ಟಿನಲ್ಲಿ ನಪಾಸಾಗಿ ಎಂಟನೆಯದರಲ್ಲಿ ಗೆದ್ದವನು. “ಮೇಷ್ಟ್ರೇ, ನಿಮ್ಮ ಗೇಟು ಮುರಿದಿದ್ದು ನಾನೇ. ನೀವು ಹಸು ಅಂದ್ಕೊಂಡಿದ್ರಿ. ಈಗ್ಲಾದ್ರೂ ಹೇಳ್ಬಿಡ್ತೀನಿ, ಕ್ಷಮಿಸಿಬಿಡಿ.” ಕಂಬಳಿಯೊಳಗಿಂದ ಭಾವ ಅವನತ್ತ ಒಂದು ನೋಟ ಬೀರಿದರು. ಕಾಯಿಲೆಯವರ ಕಣ್ಣಲ್ಲಿ ಅಷ್ಟು ಕೋಪ ನಾನು ನೋಡಿಲ್ಲ.

ಸ್ಪ್ಯಾನರ್ ಕೈಯಲ್ಲಿ ಸ್ಪ್ಯಾನರಿಲ್ಲದೆ ಬಂದಿದ್ದ. ಅದೊಂದೇ ಸಾಕು, ಪರಿಸ್ಥಿತಿ ಎಷ್ಟು ಕೈಮೀರಿತ್ತು ಎಂದು ತಿಳಿಯಲು. “ಬೋರ್ಡಿನ ಮಾತು ಮರೆತುಬಿಡಿ ಮೇಷ್ಟ್ರೇ. ನಾನೇ ಸೋತೆ. ಬೋರ್ಡ್ ಹಾಗೇ ಇರ್ಲಿ, ನೀವು ಹೋದ್ಮೇಲೂ ಇರ್ಲಿ.”

ಭಾವ ಥರ್ಮಾಮೀಟರು ಕಿತ್ತು ಬಿಸಾಡಿ ಎದ್ದು ಕೂತರು. “ಕರುಣೆ ತೋರಿಸ್ತೀಯೇನಯ್ಯಾ! ನಾಳೆ ತನಕ ಟೈಮಿದೆ ನನಗೆ!”

“ಪಾಪ, ಎಣಿಸ್ತಾ ಕೂತಿದ್ದಾರೆ,” ಎಂದು ಲೈಬ್ರರಿಯಮ್ಮ ಕಣ್ಣೊರೆಸಿಕೊಂಡರು.

ನನಗೆ ಈಗ ವಿಷಯ ಹೊಳೆಯಿತು. ನಾನು ನಡುಮಧ್ಯೆ ನಿಂತು ಕೂಗಿದೆ: “ಕಾಯಿಲೆ ಇವರಿಗಲ್ಲ ಕಣ್ರೀ, ಕಾರಿಗೆ! ನೂರು ದಾಟಿದ್ರೆ ನಡುಗೋದು ಕಾರು!”

ಇನ್‌ಸ್ಪೆಕ್ಟರು ಎದ್ದು ಬಂದು ನನ್ನ ಬೆನ್ನು ಸವರಿದರು. “ದುಃಖ ಹೀಗೇ ಕಣಪ್ಪ. ಮೊದಲು ತಲೆಗೇ ಹೊಡೆಯುತ್ತೆ.” ಯಾರೋ ನನಗೆ ನೀರು ತಂದುಕೊಟ್ಟರು. ಸ್ಪ್ಯಾನರನಾದರೂ ಬಾಯಿಬಿಡುತ್ತಾನೆಂದು ನೋಡಿದರೆ ಅವನು, “ಅದೂ ನಡುಗುತ್ತೆ ನಿಜ. ಪಾಪ, ಇವರೂ ನಡುಗ್ತಾರೆ. ಒಟ್ಟಿಗೇ ಬಂತು ನೋಡಿ,” ಎಂದ. ನಾನು ನೀರು ಕುಡಿಯದೆ ಅಡುಗೆಮನೆಗೆ ನುಗ್ಗಿದೆ.

“ಅಕ್ಕಾ, ಭಾವನಿಗೆ ಏನೂ ಆಗಿಲ್ಲ ಕಣೇ!”

ಅಕ್ಕ ಗಂಜಿ ತಿರುವುತ್ತಿದ್ದವಳು ನನ್ನತ್ತ ತಿರುಗಲೂ ಇಲ್ಲ. ಅವಳ ಮುಖ ಬಾಡಿಹೋಗಿತ್ತು. “ಅವರೇ ಒಪ್ಕೊಂಡ್ರು ಕಣೋ. ನನಗೆ ಇನ್ನೊಂದು ಮಾಡ್ಕೋ ಅಂತ ಬೇರೆ ಹೇಳಿದ್ರು. ಮೂವತ್ತು ವರ್ಷ ಆದ್ಮೇಲೆ ಯಾರಾದ್ರೂ ಆಡೋ ಮಾತೇನೋ ಅದು? ನಾನು ಇವರನ್ನ ಬಿಟ್ಟು ಎಲ್ಲಿಗೆ ಹೋಗಲಿ?” ಎಂದಳು. ಇದು ತಮಾಷೆಯಲ್ಲ ಎಂದು ನನಗೆ ಮೊದಲ ಸಲ ಅನ್ನಿಸಿತು. ಕೂರಿಸಿ ಬಿಡಿಸಿ ಹೇಳಬೇಕೆಂದು ನಾನು ಅವಳ ಕೈಯಿಂದ ಸೌಟು ತೆಗೆದುಕೊಂಡೆ.

ಅಷ್ಟರಲ್ಲಿ ಹೊರಗೆ ದಢ್ ಎಂದು ಸದ್ದಾಯಿತು. ಬೇಕರಿಯವನನ್ನು ಗೇಟಿನ ವಿಚಾರವಾಗಿ ವಿಚಾರಿಸಿಕೊಳ್ಳಲು ಭಾವ ಗಕ್ಕನೆ ಎದ್ದು ನಿಂತಿದ್ದರು. ಎರಡು ದಿನದ ಗಂಜಿಗೆ ಕಣ್ಣು ಕತ್ತಲೆ ಬಂದು, ಕಂಬಳಿಯ ಸಮೇತ ಬೇಕರಿಯವನ ಮೇಲೆಯೇ ಬಿದ್ದಿದ್ದರು.

“ಡಾಕ್ಟ್ರನ್ನ ಕರೀರಿ! ಡಾಕ್ಟ್ರನ್ನ!”

ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಡಾಕ್ಟರು ಕಾಣಿಸಿಕೊಂಡರು. ಹಲ್ಲಿನವರು. ತಮ್ಮ ಕಾರಿನ ಗತಿ ಏನಾಯಿತೆಂದು ಕೇಳಲು ಬಂದವರು. ಆದರೆ ಜನಕ್ಕೆ ಡಾಕ್ಟರೆಂದರೆ ಡಾಕ್ಟರು. ಹತ್ತು ಕೈಗಳು ಅವರನ್ನು ಒಳಗೆಳೆದವು. ಅವರು ನೆಲದ ಮೇಲಿದ್ದ ತಮ್ಮ ಗುರುಗಳನ್ನು ನೋಡಿ ಬಿಳುಚಿಕೊಂಡರು. ಏನು ಮಾಡಬೇಕೆಂದು ತೋಚದೆ ಮೊದಲು ಬಾಯಿ ತೆರೆಸಿ ಹಲ್ಲು ನೋಡಿದರು. ಹಲ್ಲು ಚೆನ್ನಾಗಿದ್ದವು. “ದೊಡ್ಡಾಸ್ಪತ್ರೆಗೆ ಒಯ್ಯಬೇಕು! ಹೈವೇಲಿ ಇಪ್ಪತ್ತೈದು ಕಿಲೋಮೀಟರು!” ಎಂದು ಕೂಗಿ, ಎಲ್ಲರೂ ಸೇರಿ ಭಾವನನ್ನು ಹೊತ್ತು ಹಳದಿ ಕಾರಿನ ಪಕ್ಕದ ಸೀಟಿನಲ್ಲಿ ಕಂಬಳಿ ಸುತ್ತಿ ತುರುಕಿದರು. ನಾನು ಸೌಟು ಹಿಡಿದುಕೊಂಡೇ ಹಿಂದೆ ಓಡಿದೆ. ಕಾರಿಗೆ ಎರಡೇ ಸೀಟು.

ಮುಂದಿನದಕ್ಕೆ ಸಾಕ್ಷಿ ಕಾರಿನೊಳಗಿದ್ದ ಇಬ್ಬರೇ.

ಗಾಳಿ ಮುಖಕ್ಕೆ ಹೊಡೆದು ಭಾವ ಕಣ್ಣು ಬಿಟ್ಟಾಗ ಮುಳ್ಳು ಎಂಬತ್ತೈದರಲ್ಲಿತ್ತು.

“ನಲವತ್ತು!” ಎಂದು ಚೀರಿದರು ಭಾವ. ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಹುಡುಕಿ ಕಾರಿನ ನೆಲವನ್ನು ಒದೆಯುತ್ತಿತ್ತು. “ನಲವತ್ತಕ್ಕೆ ಇಳಿಸಪ್ಪಾ!”

“ಮಾತಾಡಬೇಡಿ ಮೇಷ್ಟ್ರೇ! ಉಳಿಸ್ಕೋತೀನಿ ನಿಮ್ಮನ್ನ!” ಎಂದು ಡಾಕ್ಟರು ಇನ್ನೂ ಒತ್ತಿದರು. ತೊಂಬತ್ತೈದು. ನೂರು. ನೂರೈದು. ನೂರಹತ್ತು.

“ನಡುಕ ಶುರುವಾಯ್ತು!” ಎಂದರು ಡಾಕ್ಟರು.

“ನನಗೂ!” ಎಂದರು ಭಾವ.

ಇಬ್ಬರಲ್ಲಿ ಯಾರು ಯಾವುದನ್ನು ಕುರಿತು ಹೇಳಿದರೆಂಬುದು ಈಗಲೂ ಇತ್ಯರ್ಥವಾಗಿಲ್ಲ. ಭಾವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಎರಡೂ ಕೈಯಲ್ಲಿ ಸೀಟು ಹಿಡಿದು, ಮೈಯೆಲ್ಲ ಕಿವಿಯಾಗಿ ಕೂತರು. ಭಯದಲ್ಲಿ ಅವರಿಗೆ ಕಾರಿನ ಒಂದೊಂದು ಅಲುಗಾಟವೂ ಎಲುಬಿನಲ್ಲಿ ಕೇಳಿಸುತ್ತಿತ್ತಂತೆ. ಪಾದದಡಿಯಲ್ಲಿ ನಡುಕವಿಲ್ಲ, ಅಂದರೆ ಮುಂದಿನ ಚಕ್ರದ್ದಲ್ಲ. ಡಾಕ್ಟರ ಕೈಯಲ್ಲಿ ಸ್ಟಿಯರಿಂಗ್ ಕಿತ್ತಾಡುತ್ತಿಲ್ಲ. ಆದರೆ ಕೂತ ಜಾಗ, ಬೆನ್ನ ಹಿಂದಿನ ಆ ಜಾಗ, ವೇಗ ಏರಿದಂತೆ ಹಗುರವಾಗುತ್ತಿದೆ. ಯಾರೋ ಹಿಂದಿನಿಂದ ಕಾರನ್ನು ಮೆಲ್ಲನೆ ಮೇಲೆತ್ತುತ್ತಿದ್ದಾರೆ. ಯಾರದು? ಭಾವ ಕಣ್ಣು ಬಿಟ್ಟು ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ನೋಡಿದರು.

“ಏನಪ್ಪಾ ಅದು ಹಿಂದುಗಡೆ, ಹಲಗೆ?”

“ರೆಕ್ಕೆ ಸಾರ್! ಸ್ಪೋರ್ಟ್ಸ್ ಕಾರಿಗೆ ಹಾಕ್ತಾರಲ್ಲ, ಗಾಳಿ ಅದರ ಮೇಲೆ ಬಿದ್ದು ಹಿಂದಿನ ಚಕ್ರನ ನೆಲಕ್ಕೆ ಒತ್ತೋಕೆ! ತರಿಸಿ ನಾನೇ ಕೂರಿಸಿದೆ!”

“ಯಾವಾಗ?”

“ಎರಡು ತಿಂಗಳಾಯ್ತು!”

“ನಡುಕ ಯಾವಾಗಿಂದ?”

“ಎರಡು...” ಡಾಕ್ಟರ ಮಾತು ಅಲ್ಲಿಗೇ ನಿಂತಿತು.

“ನಿಲ್ಸು ಗಾಡಿ!” ಎಂದರು ಭಾವ, ಪಾಠ ಹೇಳುವ ದನಿಯಲ್ಲಿ. ಡಾಕ್ಟರಿಗೆ ಹದಿನೈದು ವರ್ಷ ಹಿಂದಿನ ಪಾಠ ನೆನಪಾಗಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಗೇರಿಳಿಸಿ, ರಸ್ತೆ ಬದಿಗೆ ನಿಲ್ಲಿಸಿದರು. ಭಾವ ಕಂಬಳಿ ಹೊದ್ದುಕೊಂಡೇ ಇಳಿದು ಹಿಂದೆ ಹೋಗಿ ನೋಡಿದರು. ರೆಕ್ಕೆ ತಲೆಕೆಳಗಾಗಿತ್ತು. ಹೊಟ್ಟೆ ಮೇಲೆ, ಬೆನ್ನು ಕೆಳಗೆ. ಗಾಳಿ ಬಿದ್ದಾಗ ಕೆಳಗೆ ಒತ್ತಬೇಕಾದದ್ದು ವೇಗ ಹೆಚ್ಚಿದಷ್ಟೂ ಕಾರಿನ ಹಿಂಭಾಗವನ್ನು ಎತ್ತುತ್ತಿತ್ತು.

ಡಾಕ್ಟರು ಹಣೆ ಚಚ್ಚಿಕೊಂಡರು. “ಮೇಲಿನ ಹಲ್ಲುಗಳನ್ನ ನಾವು ಪುಟ್ಟ ಕನ್ನಡೀಲೇ ನೋಡಿ ಕೊರೆಯೋದು ಸಾರ್. ದಿನಾ ಅದೇ ಅಭ್ಯಾಸ. ಪುಸ್ತಕದ ಚಿತ್ರ ನೋಡಿದ ತಕ್ಷಣ ತಲೆ ತಾನೇ ಮೇಲೆಕೆಳಗೆ ಮಾಡ್ಕೊಂಡುಬಿಡ್ತು!”

ಸ್ಪ್ಯಾನರ್ ಯಾಕೆ ನೋಡಲಿಲ್ಲ ಎಂದು ನೀವು ಕೇಳಬಹುದು. ಅವನು ಜನ್ಮದಲ್ಲಿ ಕಾರನ್ನು ಕೆಳಗಿನಿಂದಲ್ಲದೆ ನೋಡಿದವನಲ್ಲ. ಮೇಲೆ ಏನಿದ್ದರೂ ಅದು ಫ್ಯಾಷನ್ ಎಂಬುದು ಅವನ ಲೆಕ್ಕ.

ನಾಲ್ಕು ಬೋಲ್ಟು ಬಿಚ್ಚಿ, ರೆಕ್ಕೆ ತಿರುಗಿಸಿ, ಮತ್ತೆ ನಾಲ್ಕು ಬೋಲ್ಟು. ಡಾಕ್ಟರಿಗೆ ಅದು ಹಲ್ಲು ಕೂರಿಸುವಷ್ಟೇ ಸಲೀಸು. ಸರಿಹೋಯಿತೋ ಇಲ್ಲವೋ ನೋಡಬೇಕಾದರೆ ಮತ್ತೆ ನೂರು ದಾಟಲೇಬೇಕಿತ್ತು. ಭಾವ ಕಂಬಳಿಯನ್ನು ಮುಖದ ತನಕ ಎಳೆದುಕೊಂಡು, “ಹೋಗು,” ಎಂದರಂತೆ. ನೂರಹತ್ತರಲ್ಲಿ ಕಾರು ಹಳಿಯ ಮೇಲಿನ ರೈಲಿನ ಹಾಗೆ ಹೋಯಿತು. ನಡುಗುತ್ತಿದ್ದದ್ದು ಈಗ ಭಾವ ಒಬ್ಬರೇ.

ಮನೆಯ ಮುಂದೆ ಕಾರು ನಿಂತಾಗ ಜನ ಇನ್ನೂ ಚದುರಿರಲಿಲ್ಲ. ಇಷ್ಟು ಬೇಗ ವಾಪಸ್ಸು ಬಂದರೆಂದರೆ ಆಸ್ಪತ್ರೆಯವರು ಕೈಚೆಲ್ಲಿದರೆಂದೇ ಅರ್ಥ ಎಂದು ಇನ್‌ಸ್ಪೆಕ್ಟರು ಟೋಪಿ ತೆಗೆದರು. ಆದರೆ ಭಾವ ತಾವೇ ಬಾಗಿಲು ತೆರೆದು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಇಳಿದರು. “ಸಿಕ್ತು ಕಣೇ!” ಎಂದು ಅಕ್ಕನಿಗೆ ಕೂಗಿದರು. “ಬೋರ್ಡ್ ಉಳೀತು!”

“ಯಾವ ಬೋರ್ಡು?” ಎಂದಳು ಅಕ್ಕ.

ಅಲ್ಲಿಂದ ಹತ್ತು ನಿಮಿಷ ನಾನು ಸೌಟು ಹಿಡಿದು ನಿಂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಈ ಸಲ ಎಲ್ಲರೂ ಕೇಳಿದರು. ಲೈಬ್ರರಿಯಮ್ಮ, “ಕಾರು ಅಂತ ಒಂದ್ಸಲ ಅಂದಿದ್ರೆ ಏನಾಗ್ತಿತ್ತು ಇವರಿಗೆ!” ಎಂದು ಸಿಡುಕಿ ಹೊರಟುಹೋದರು. ಅಕ್ಕ ಭಾವನನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ನನ್ನ ಕೈಯಿಂದ ಸೌಟು ಕಿತ್ತುಕೊಂಡಳು.

“ಎರಡು ದಿನ ನಾನು ಸತ್ತು ಬದುಕಿದ್ದೀನಿ ರೀ! ಒಂದು ಹಲಗೆಗೋಸ್ಕರ! ಇನ್ನೊಂದು ಮಾಡ್ಕೋ ಅಂದ್ರಲ್ಲ, ನಿಮ್ಮ ಬಾಯಿಗೆ ಬೆಂಕಿ ಬೀಳ!”

“ಬೋರ್ಡ್ ಕಣೇ! ಬೋರ್ಡ್ ಅಂದಿದ್ದು!”

ಸೌಟಿನ ಎರಡು ಏಟು ಕಂಬಳಿಗೆ ಬಿದ್ದವು. ಮೂರನೆಯದಕ್ಕೆ ಕೈ ಏಳದೆ ಅಕ್ಕ ಅವರ ಹೆಗಲಿಗೆ ಹಣೆ ಆನಿಸಿ ಅತ್ತಳು. ಬೀದಿಯ ಜನ ಮರ್ಯಾದೆಗೆ ಬೇರೆ ಕಡೆ ತಿರುಗಿದರು. ನಾನೂ ತಿರುಗಿದೆ. ಆ ಸಂದಿನಲ್ಲಿ ಬೇಕರಿಯವನು ಮನೆಗೆ ಓಡಿಹೋದ.

ಭಾನುವಾರ ಗ್ಯಾರೇಜಿನಲ್ಲಿ ಸಭೆಯೇ ಸೇರಿತು. ಸ್ಪ್ಯಾನರ್ ರೆಕ್ಕೆಯನ್ನು ನಾಲ್ಕು ಸಲ ಸುತ್ತುಹಾಕಿ ನೋಡಿ ಒಪ್ಪಿಕೊಂಡ. “ಆದ್ರೆ ಒಂದು ಮಾತು ಮೇಷ್ಟ್ರೇ. ನಾನೂ ಇದೇ ಸೀಟಲ್ಲಿ ಕೂತು ನೂರಿಪ್ಪತ್ತು ಹೋಗಿದ್ದೆ. ನನಗೆ ಗೊತ್ತಾಗದ್ದು ನಿಮಗೆ ಹೇಗೆ ಗೊತ್ತಾಯ್ತು? ಏನಿದು ವಿದ್ಯೆ?”

ಎಲ್ಲರೂ ಭಾವನ ಮುಖ ನೋಡಿದರು. ‘ಮೂವತ್ತು ವರ್ಷದ ಅನುಭವ’ ಎಂದಿದ್ದರೆ ಸಾಕಿತ್ತು. ನಾನು ಮನಸ್ಸಿನಲ್ಲೇ ಹಾಗೆ ಹೇಳಿಕೊಟ್ಟೆ ಕೂಡ. ಭಾವ ಕನ್ನಡಕಕ್ಕೆ ಕೈ ಒಯ್ದರು. ಒಯ್ದ ಕೈಯನ್ನು ಹಾಗೇ ಕೆಳಗಿಳಿಸಿದರು.

“ವಿದ್ಯೆ ಅಲ್ಲ ಕಣಯ್ಯಾ, ಹೆದರಿಕೆ. ನೀನು ಹೆದರಲಿಲ್ಲ, ಅದಕ್ಕೇ ನಿನಗೆ ಗೊತ್ತಾಗಲಿಲ್ಲ. ನನಗೆ ಮೊದಲಿಂದಲೂ ಸ್ಪೀಡ್ ಅಂದ್ರೆ ಪ್ರಾಣಭಯ. ಶಿಸ್ತು ಶಿಸ್ತು ಅಂತ ಮೂವತ್ತು ವರ್ಷ ನಿಮಗೆಲ್ಲ ಸುಳ್ಳು ಹೇಳಿದೆ.”

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಭಾವ ಬಂದ ದಾರಿಯಲ್ಲೇ ಮನೆಗೆ ನಡೆದರು.

ಸೋಮವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಟಾಗ ಅವರು ಸ್ಟೂಲು ಹತ್ತಿ ಬೋರ್ಡಿನ ಸ್ಕ್ರೂ ಬಿಚ್ಚುತ್ತಿದ್ದರು. ಅಕ್ಕ ಸ್ಟೂಲು ಹಿಡಿದುಕೊಂಡು ನಿಂತಿದ್ದಳು.

“ಗೆದ್ದಿರಲ್ಲ ಭಾವ, ಮತ್ತೆ ಯಾಕಿದು?”

“ಹೆದರುಪುಕ್ಕಲ ಮೇಷ್ಟ್ರ ಹತ್ತಿರ ಯಾರಯ್ಯಾ ಕಲಿಯೋಕೆ ಬರ್ತಾರೆ? ಜನ ಬಂದು ಇಳಿಸು ಅನ್ನೋದಕ್ಕೆ ಮುಂಚೆ ನಾನೇ ಇಳಿಸಿಬಿಡ್ತೀನಿ,” ಎಂದರು.

ಎರಡನೆಯ ಸ್ಕ್ರೂ ಕೈಗೆ ಬರುವಷ್ಟರಲ್ಲಿ ಗೇಟಿನ ಹತ್ತಿರ ಒಂದು ದೊಡ್ಡ ವ್ಯಾನು ಬಂದು ನಿಂತಿತು. ಅದರ ಹಿಂದೆ ಒಂದು ಜೀಪು. ಅದರ ಹಿಂದೆ ಇನ್ನೂ ಎರಡು ಕಾರು. ವ್ಯಾನಿನಿಂದ ಸ್ಪ್ಯಾನರ್ ಇಳಿದು, ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, ಯಾವತ್ತೂ ಇಲ್ಲದ ವಿನಯದಿಂದ ಸ್ಟೂಲಿನ ಬುಡಕ್ಕೆ ಬಂದ.

“ಮೇಷ್ಟ್ರೇ, ಈ ಗಾಡಿ ಎಂಬತ್ತು ದಾಟಿದ್ರೆ ಎಲ್ಲೋ ಗುಂಯ್ ಅನ್ನುತ್ತೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ. ನಾನು ಕೂತು ನೋಡಿದೆ, ನಮ್ಮ ಗ್ಯಾರೇಜಿನವರೆಲ್ಲ ಕೂತು ನೋಡಿದ್ರು. ಒಬ್ಬರಿಗೂ ಭಯ ಆಗ್ತಿಲ್ಲ.” ಅವನು ತಲೆ ಕೆರೆದುಕೊಂಡ. “ನೀವು ಒಂದ್ಸಲ ಬಂದು ಸ್ವಲ್ಪ ಹೆದರಿ ಕೊಡ್ತೀರಾ?”

ಭಾವ ಸ್ಟೂಲಿನ ಮೇಲಿಂದ ಸಾಲಾಗಿ ನಿಂತ ಗಾಡಿಗಳನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಸ್ಕ್ರೂಗಳನ್ನು ನೋಡಿದರು. ಅವುಗಳನ್ನು ಒಂದೊಂದಾಗಿ ಮತ್ತೆ ಬೋರ್ಡಿಗೆ ಬಿಗಿದು, ಕೆಳಗಿಳಿದು, ಗಂಭೀರವಾಗಿ ವ್ಯಾನಿನ ಪಕ್ಕದ ಸೀಟಿನ ಕಡೆ ಹೊರಟರು.

“ರೀ, ನಿಲ್ಲಿ,” ಎಂದಳು ಅಕ್ಕ. “ಖಾಲಿ ಹೊಟ್ಟೇಲಿ ಹೆದರಬೇಡಿ. ತಿಂಡಿ ತಿಂದ್ಕೊಂಡು ಹೋಗಿ.”